ಮನೆಯೊಳಗಿನ ಗುಂಡಿ, ಬೀದಿಯಲ್ಲಿನ ಕೂಗು

ವಿಜಾಪುರದ ಜೋರಾಪುರ ಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜೋಳದ ಚೀಲ ಹೇರಿಕೊಳ್ಳಲು ನಿಂತ ಲಾರಿಯ ಕೆಳಗಿನಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದು ಕಾಲಿನದು ಎಲ್ಲೋ ಜಾರಿ ಬಿದ್ದಿದೆ. ಲಾರಿಯ ಹಾರ್ನಿಗೆ ಹರಿದ ಕೌದಿಯೊಂದನ್ನು ಬಿಗಿಯಾಗಿ ಸುತ್ತಲಾಗಿದೆ.

"ಈಗ ಬಾಗಲಾ ತಗಿರಿ" ಎಂದು ಲಾರಿಯ ಕೆಳಗಿನಿಂದ ಧ್ವನಿ ಬರುತ್ತದೆ. ಡ್ರೈವರ್ ಬಾಗಿಲು ತೆಗೆದದ್ದೇ ತಡ, ಕೌದಿಯೊಳಗಿಂದ ಮೂಗು ಹಿಡಿದ ಕೋಣದಂಥ ಸದ್ದು ಹೊರಡುತ್ತದೆ. ಎದುರಿನ ಮಾಳಿಗೆಯ ಕಿಟಕಿ ದಢಾರನೆ ತೆರೆದು ಮಾಶಾಬಿಯ ತಲೆ ಹೊರಗೆ ಬರುತ್ತದೆ.

"ಏ ಲಾಡಲೇಸಾಬ! ಹುಂಜ ಕೂಗೂಕಿಂತ ಮೊದ್ಲ ನಿನ್ನ ಕೋಣ ಒದರತೈತಲ್ಲೋ!"

"ಕೌದಿ ಸುತ್ತೇನಿ ಖಾಲಾ!"

"ಅದನ್ನ ತಂದು ನನ್ನ ಕಿವಿಗಿ ಸುತ್ತು."

ಲಾರಿಯ ಕೆಳಗಿನ ಕಾಲುಗಳು ನಗುತ್ತವೆ ಎನ್ನಬೇಕು, ಅಷ್ಟು ಕುಣಿಯುತ್ತವೆ. ಲಾಡಲೇಸಾಬರು ತೆವಳಿಕೊಂಡು ಹೊರಗೆ ಬಂದು, ಬೆನ್ನಿನ ಧೂಳು ಕೊಡವಿ, ಮೊದಲು ಚಪ್ಪಲಿ ಹುಡುಕುತ್ತಾರೆ. ವಯಸ್ಸು ಐವತ್ತರ ಹತ್ತಿರ. ಗಡ್ಡದಲ್ಲಿ ಬಿಳಿಗಿಂತ ಗ್ರೀಸೇ ಹೆಚ್ಚು. ಸೂರ್ಯ ಮೇಲೇರಿದ ಮೇಲೆ ಲಾರಿಗಳು ನಿಲ್ಲುವುದಿಲ್ಲ, ಅವರ ಕೈಗೆ ಸಿಗುವುದಿಲ್ಲ. ಆದ್ದರಿಂದ ಪೇಟೆ ಮಲಗಿರುವಾಗಲೇ ಅವರ ಕೆಲಸ ಅರ್ಧ ಮುಗಿದಿರುತ್ತದೆ.

ಊರಿಗೆ ಅವರು ಬ್ಯಾಟರಿ ರಿಪೇರಿಯವರು. ಡ್ರೈವರುಗಳಿಗೆ ಮಾತ್ರ 'ಹಾರ್ನ್ ಸಾಬರು'. ನಿಲ್ಲಿಸಿದ ಗಾಡಿಯ ಬ್ಯಾಟರಿ, ಸ್ಟೆಪ್ನಿ, ತಾಡಪತ್ರಿ ಕಳುವಾಗುವುದು ಈ ಭಾಗದಲ್ಲಿ ಹೊಸ ಮಾತಲ್ಲ. ಅದಕ್ಕೆ ಲಾಡಲೇಸಾಬರ ಬಳಿ ಒಂದು ಮದ್ದಿದೆ. ಗಾಡಿಯ ಬಾಗಿಲುಗಳಿಗೆ, ಬ್ಯಾಟರಿಯ ಮುಚ್ಚಳಕ್ಕೆ, ಸ್ಟೆಪ್ನಿಗೆ ಕಣ್ಣಿಗೆ ಬೀಳದಂತೆ ತಂತಿ ಎಳೆಯುತ್ತಾರೆ. ಅಲ್ಲಿಂದ, ಗಾಡಿ ಹೊರಡುವಾಗ ಬಿಚ್ಚಿಡಬಹುದಾದ ಒಂದು ಉದ್ದನೆಯ ತಂತಿ ಗೋಡೆಗುಂಟ ಹೊರಟು, ಕಿಟಕಿ ದಾಟಿ, ಮನೆಯೊಳಗೆ ಮಲಗುವವರ ತಲೆದೆಸೆಗೆ ಬಂದು ನಿಲ್ಲುತ್ತದೆ. ಅದರ ತುದಿಗೆ ಅಂಗೈಯಗಲದ ಪೆಟ್ಟಿಗೆ, ಪೆಟ್ಟಿಗೆಗೊಂದು ಗುಂಡಿ. ಗುಂಡಿ ಒತ್ತಿದರೆ ಹೊರಗಿನ ಗಾಡಿ ಕಾವಲಿಗೆ ಕೂರುತ್ತದೆ. ಆಮೇಲೆ ಯಾರೇ ಮುಟ್ಟಲಿ, ಹಾರ್ನ್ ಒದರುತ್ತದೆ. ತೆರೆದ ಬಾಗಿಲನ್ನು ಮತ್ತೆ ಮುಚ್ಚಿದರೂ ಬಾಯಿ ಮುಚ್ಚುವುದಿಲ್ಲ. ಮನೆಯೊಳಗಿನ ಗುಂಡಿ ಎತ್ತಿದಾಗಲೇ ಸುಮ್ಮನಾಗುವುದು.

"ಕಳ್ಳ ಗಾಡಿ ಬ್ಯಾಟರಿನs ಬಿಚ್ಚಿದ್ರ ಹಾರ್ನ್ ಹ್ಯಾಂಗ ಒದರೀತು?" ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಾಗಿ ಸೀಟಿನ ಕೆಳಗೆ ಬೀಗದ ಡಬ್ಬಿಯಲ್ಲಿ ಇನ್ನೊಂದು ಹಳೆಯ ಬ್ಯಾಟರಿ ಇರುತ್ತದೆ. ಎಂಜಿನ್ ಎಬ್ಬಿಸುವ ತ್ರಾಣ ಅದಕ್ಕಿಲ್ಲ. ಹಾರ್ನಿಗೆ ಅದು ಸಾಕು.

"ಇವ್ರಂಗ" ಎನ್ನುತ್ತಾರೆ ಅಂಗಡಿಯ ಹಿಂದಿನ ಮನೆಯೊಳಗಿನಿಂದ ಹೆಂಡತಿ ಪೀರಾಂಬಿ. "ಚೀಲ ಎತ್ತಾಕ ಆಗೂದಿಲ್ಲ, ಒದರಾಕ ಬೇಕಾದಷ್ಟು."

ಪೀರಾಂಬಿಯ ಕೈಯಲ್ಲಿ ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ತಾಮ್ರದ ತಂತಿ ಇದೆ. ಹಾರ್ನಿಗೆ ಕರೆಂಟು ಬಿಡುವ ರಿಲೇ ಎಂಬ ಪುಟ್ಟ ಯಂತ್ರದ ಸುರುಳಿಯನ್ನು ಸುತ್ತುವವರು ಅವರೇ. ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ, ಹೊಸ್ತಿಲ ಬೆಳಕಿಗೆ ಕೂತು ಸುತ್ತುತ್ತಾರೆ. ಎಳೆಯ ಪಕ್ಕ ಎಳೆ ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಸುರುಳಿ ಒತ್ತಾಗಿದ್ದಷ್ಟೂ ಮುದಿ ಬ್ಯಾಟರಿಯ ಸಣ್ಣ ಕರೆಂಟಿಗೂ ರಿಲೇ ಓಗೊಡುತ್ತದೆ. ನಡುವೆ ಯಾರಾದರೂ ಮಾತಾಡಿಸಿದರೂ ಕಣ್ಣು ಸುರುಳಿಯ ಮೇಲೇ. ಸಾಲು ಮುಗಿದ ಮೇಲೆ ತಲೆಯೆತ್ತಿ, "ಏನಂದಿ?" ಎನ್ನುತ್ತಾರೆ.

ಈ ವಿದ್ಯೆಯನ್ನು ಲಾಡಲೇಸಾಬರಿಗೆ ಯಾವ ಗುರುವೂ ಕಲಿಸಿಲ್ಲ. ಹದಿನಾರರ ವಯಸ್ಸಿನಲ್ಲಿ ಅವರು ಸೊಲ್ಲಾಪುರದ ಲಾರಿಯೊಂದರ ಕ್ಲೀನರ್. ಡ್ರೈವರ್ ಸಾಹೇಬರು ಮಲಗುವ ಮುಂಚೆ ತಾಡಪತ್ರಿಯ ತುದಿಗೊಂದು ಹುರಿ ಕಟ್ಟಿ, ಹುರಿಯ ಇನ್ನೊಂದು ತುದಿಯನ್ನು ಈ ಹುಡುಗನ ಕಾಲ ಹೆಬ್ಬೆರಳಿಗೆ ಬಿಗಿಯುತ್ತಿದ್ದರು. ಕಳ್ಳ ಎಳೆದರೂ ಎಚ್ಚರ, ನಾಯಿ ಎಳೆದರೂ ಎಚ್ಚರ, ಗಾಳಿ ಬೀಸಿದರೂ ಎಚ್ಚರ.

"ಆವಾಗ ನನ್ನ ಬೆರಳs ರಿಲೇ, ನನ್ನ ಬಾಯಿನs ಹಾರ್ನ್" ಎಂದು ನಗುತ್ತಾರೆ. "ಮುಂದ ಬ್ಯಾಟರಿ ಅಂಗಡಿ ಸೇರಿ ತಂತಿ ಕೆಲ್ಸ ಕೈಗಿ ಹತ್ತಿದಾಗ, ಬೆರಳಿನ ಕೆಲ್ಸ ತಂತಿಗಿ ಹಚ್ಚೋಣ ಅಂತ ಅನಸ್ತು."

ಮಾಡುವುದಕ್ಕಿಂತ ಕಲಿಸುವುದೇ ಅವರಿಗೆ ಕಷ್ಟ. ಪೆಟ್ಟಿಗೆ ಕೂರಿಸಲು ಒಂದು ಬೆಳಗು ಸಾಕು, ಅದನ್ನು ನಡೆಸಲು ಮನೆಯವರಿಗೆ ಕಲಿಸುವುದಕ್ಕೆ ವಾರವೂ ಸಾಲದು. ಕಾವಲು ತೆಗೆಯದೆ ಗಾಡಿ ಹತ್ತಿ ಊರೆಲ್ಲ ಎಬ್ಬಿಸಿದವರಿದ್ದಾರೆ. ಬಂದ ಬೀಗರಿಗೆಲ್ಲ ಚಹಾ ಕೊಟ್ಟು, ಮುಚ್ಚಿಟ್ಟ ಗುಂಡಿ ತೋರಿಸಿ, "ಇದ ನೋಡ್ರಿ, ಇದನ್ನ ಎತ್ತಿದ್ರ ಬಂದ್ ಆಕ್ಕೈತಿ" ಎಂದು ಹೆಮ್ಮೆ ಪಡುವವರು ಹತ್ತಿರದ ಟಿಕೋಟಾದಲ್ಲೇ ಬೇಕಾದಷ್ಟು ಜನ. "ಇಳದ ಮ್ಯಾಲ ಒತ್ರಿ, ಹತ್ತೂ ಮೊದ್ಲ ತಗೀರಿ, ಯಾರಿಗೂ ತೋರಸಬ್ಯಾಡ್ರಿ." ಈ ಮೂರು ಮಾತು ಹೇಳಿ ಹೇಳಿ ಲಾಡಲೇಸಾಬರ ಗಂಟಲು ಒಣಗಿದೆ.

ಆದರೆ ಬಬಲೇಶ್ವರದ ಮುರಿಗೆವ್ವ ಮಾಡಿದ ತಪ್ಪನ್ನು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಮುರಿಗೆವ್ವನ ಗಂಡ ತೀರಿಕೊಂಡು ಎರಡು ವರ್ಷ. ಅವನು ಬಿಟ್ಟುಹೋದದ್ದು ಒಂದು ಟೆಂಪೋ. ಯಲಗೂರಪ್ಪ ಎಂಬ ನಂಬಿಗಸ್ತ ಡ್ರೈವರನನ್ನು ಇಟ್ಟುಕೊಂಡು, ಬಬಲೇಶ್ವರದ ಕಾಯಿಪಲ್ಲೆಯನ್ನು ವಿಜಾಪುರಕ್ಕೆ ಹೊಡೆಸಿ, ಆಕೆ ಮನೆ ನಡೆಸುತ್ತಾಳೆ. ಪಕ್ಕದ ಮನೆಯಲ್ಲಿರುವ ಗಂಡನ ಅಣ್ಣ ಧೂಳಪ್ಪನಿಗೆ ಮಾತ್ರ ಇದು ಸರಿಬಂದಿಲ್ಲ. "ಹೆಣ್ಮಗಳು ಗಾಡಿ ನಡಸೂದಂದ್ರೇನು? ಮಾರಿ ರೊಕ್ಕ ಹೊಲದಾಗ ಹಾಕೂಣು" ಎನ್ನುತ್ತಲೇ ಬಂದ. ಒಮ್ಮೆ ಬ್ಯಾಟರಿ ಕಳುವಾದಾಗ ಅವನ ಮಾತಿಗೆ ಬಲ ಬಂತು. ಮುರಿಗೆವ್ವ ಓಡಿಬಂದು ಲಾಡಲೇಸಾಬರ ಕೈಯಿಂದ ಪೆಟ್ಟಿಗೆ ಹಾಕಿಸಿದಳು. ಕಲಿಸಿದ್ದನ್ನು ಒಂದೇ ಸಲಕ್ಕೆ ಕಲಿತಳು, ಒಂದು ದಿನವೂ ಗುಂಡಿ ಒತ್ತುವುದನ್ನು ಮರೆಯಲಿಲ್ಲ. ಆದರೂ ಒಂದು ನಸುಕಿನಲ್ಲಿ ಎದ್ದು ನೋಡಿದರೆ ಹೊಸ ಬ್ಯಾಟರಿಯೂ ಇಲ್ಲ, ಸ್ಟೆಪ್ನಿಯೂ ಇಲ್ಲ. ಹಾರ್ನ್ ಕಮಕ್ ಕಿಮಕ್ ಎಂದಿರಲಿಲ್ಲ.

ಧೂಳಪ್ಪ ಬೀದಿಯಲ್ಲೇ ನಿಂತು ಸಾರಿದ: "ಬರೂ ಅಮಾಸಿತನಕ ನೋಡತೇನಿ. ಆಮ್ಯಾಲ ಗಾಡಿ ಈ ಮನಿ ಮುಂದ ಇರೂದಿಲ್ಲ."

ಮರುದಿನ ಮುರಿಗೆವ್ವ ಪೆಟ್ಟಿಗೆಯನ್ನು ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡು, ಬಸ್ಸು ಹಿಡಿದು ಜೋರಾಪುರ ಪೇಟೆಗೆ ಬಂದಳು. ಅಂಗಡಿ ತುಂಬ ಗಿರಾಕಿಗಳಿದ್ದರು. ಪೆಟ್ಟಿಗೆಯನ್ನು ಲಾಡಲೇಸಾಬರ ಮುಂದೆ ಇಟ್ಟಳು.

"ಅಣ್ಣಾ, ನಿನ್ನ ನಂಬಿ ಮಲಗಿದ್ನಲ್ಲಪಾ. ಇದು ಮೂಕ ಆಗೇತಿ. ಈಗ ನನ್ನ ಗಾಡಿ ಹೋಗತೈತಿ."

ಲಾಡಲೇಸಾಬರು ತಿರುಪುಮೊಳೆ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಹಿತ್ತಾಳೆಯ ಎರಡು ನಾಲಿಗೆಗಳು ಒಂದಕ್ಕೊಂದು ತಾಕಬೇಕಾದ ಜಾಗದಲ್ಲಿ ಬಿಳಿಯ ಪೊರೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಕೆಂಪು, ಅಂಚಿಗೆ ಹಳದಿ. ಮೂಸಿ ನೋಡಿದರು.

"ತಂಗೀ, ಇದಕ್ಕೇನರ ಹಚ್ಚೀಯೇನು?"

"ಹಚ್ಚದs ಏನು? ಅಮಾಸಿಗಿ ಗಾಡಿ ಪೂಜಿ ಮಾಡೂದಿಲ್ಲೇನು? ಗಾಡಿಗಿ ಮಾಡಿ, ಗಾಡಿ ಕಾಯೂ ದೇವ್ರಿಗೆ ಬಿಡ್ಲೇನು? ಈಬತ್ತಿ, ಕುಂಕುಮ, ಅರಿಷಿಣ ಹಚ್ಚಿ, ಮ್ಯಾಲ ಕಾಯಿನೀರು ಹಾಕಿದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮುರಿಗೆವ್ವನ ಮುಖ ಸಣ್ಣದಾಯಿತು. ಗುಂಡಿ ಒತ್ತುತ್ತಲೇ ಇದ್ದಾಳೆ, ಆದರೆ ಕಾಯಿನೀರಿನಲ್ಲಿ ನೆನೆದು ಒಣಗಿದ ವಿಭೂತಿ ಒಳಗಿನ ನಾಲಿಗೆಗಳನ್ನು ಕೂಡಗೊಟ್ಟಿಲ್ಲ. ಕಳೆದ ಅಮಾವಾಸ್ಯೆಯಿಂದ ಈಚೆಗೆ ಟೆಂಪೋ ಒಂದು ದಿನವೂ ಕಾವಲಿಗೆ ಕೂತಿಲ್ಲ.

ಲಾಡಲೇಸಾಬರು ಮಾತ್ರ ನಗಲಿಲ್ಲ. "ತಪ್ಪು ನಂದs" ಎಂದರು. "ಮೂರು ಮಾತು ಹೇಳಿದೆ, ನಾಕನೇದು ಹೇಳಲಿಲ್ಲ."

"ಹಂಗಾದ್ರ ಪೂಜಿ ಬಿಡ್ಲೇನು?"

"ಪೂಜಿ ಬಿಡ್ಸಾಕ ನಾ ಯಾರು ಬೇ? ಪೂಜಿ ನೀ ಮಾಡು. ಅದಕ್ಕ ಹಾದಿ ನಾ ಮಾಡತೇನಿ."

ಆ ವಾರ ಅವರು ಬೇರೆ ಗಾಡಿ ಮುಟ್ಟಲಿಲ್ಲ. ಹಳೆಯ ವಾಡೆಮನೆಯೊಂದರ ಬಾಗಿಲಿನಿಂದ ಬಂದಿದ್ದ ಹಿತ್ತಾಳೆಯ ದೊಡ್ಡ ಗುಂಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಬಲೇಶ್ವರಕ್ಕೆ ಹೋಗಿ, ಟೆಂಪೋದ ಬಾಗಿಲ ಪಕ್ಕ, ಹೊರಗಡೆಗೇ, ಎಲ್ಲರಿಗೂ ಕಾಣುವಂತೆ ಕೂರಿಸಿದರು. ಅಸಲು ಪೆಟ್ಟಿಗೆಗೆ ಹೊಗೆ, ಹಬೆ ತಾಗದಂತೆ ಸೈಕಲ್ ಟ್ಯೂಬಿನ ತುಂಡು ತೊಡಿಸಿ, ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಮರೆಗೆ ಇಟ್ಟರು.

"ಪೂಜಿ ಎಲ್ಲಾ ಹೊರಗಿನ ಗುಂಡಿಗಿ" ಎಂದು ಹೇಳಿಕೊಟ್ಟರು. "ಯಾರ ಕೇಳಿದ್ರೂ ಅದನ್ನs ತೋರ್ಸು. ಇದನ್ನ ಒತ್ತಿದ್ರ ಹಾರ್ನ್ ಬಂದ್ ಆಕ್ಕೈತಿ ಅನ್ನು."

"ಖರೇ ಬಂದ್ ಆಕ್ಕೈತೇನು?"

"ಕಾವಲ ಇಲ್ಲದಾಗ ಒತ್ತಿದ್ರ ಸುಮ್ನಿರತೈತಿ. ಕಾವಲ ಇದ್ದಾಗ ಒತ್ತಿದ್ರ..." ಎಂದು ಲಾಡಲೇಸಾಬರು ತಮ್ಮ ಎರಡೂ ಕಿವಿ ಮುಚ್ಚಿಕೊಂಡು ತೋರಿಸಿದರು. ಮುರಿಗೆವ್ವ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಗಂಡ ಹೋದ ಮೇಲೆ ಅವ್ವಾರು ಹಾಗೆ ನಕ್ಕದ್ದನ್ನು ತಾನು ನೋಡಿದ್ದು ಅದೇ ಮೊದಲು ಎನ್ನುತ್ತಾನೆ ಯಲಗೂರಪ್ಪ.

ಯಾರಿಗೂ ತೋರಿಸಬೇಡಿರೆಂದು ಊರೂರು ಸಾರಿದ ಮನುಷ್ಯ ಎಲ್ಲರಿಗೂ ತೋರಿಸು ಎಂದು ಹೇಳಿದ್ದು ಅದೊಂದೇ ಸಲ. ಮುರಿಗೆವ್ವ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ನೀರಿಗೆ ಬಂದವರಿಗೆ, ಹಿಟ್ಟಿನ ಗಿರಣಿಯಲ್ಲಿ ಸಿಕ್ಕವರಿಗೆ, ಕೊನೆಗೆ ಭಾವ ಧೂಳಪ್ಪನಿಗೂ ಹಿತ್ತಾಳೆ ಗುಂಡಿಯ ಮಹಿಮೆ ತಿಳಿಯಿತು.

ಅಮಾವಾಸ್ಯೆ ಬಂತು. ಪೂಜೆ ಆಯಿತು. ಹಿತ್ತಾಳೆ ಗುಂಡಿ ಕುಂಕುಮದಲ್ಲಿ ಮುಳುಗಿತು. ಮರುದಿನ ಬೆಳಗಿನ ಜಾವ, ಯಲಗೂರಪ್ಪ ಬರುವ ಮುಂಚೆಯೇ, ಧೂಳಪ್ಪ ಟಿಕೋಟಾದ ಒಬ್ಬ ಗಿರಾಕಿಯನ್ನು ಕರೆದುಕೊಂಡು ಸದ್ದಿಲ್ಲದೆ ಟೆಂಪೋದ ಹತ್ತಿರ ಬಂದ. ಗಾಡಿಯ ಇನ್ನೊಂದು ಚಾವಿ ಮೊದಲಿನಿಂದಲೂ ಹಿರಿಯನೆಂದು ಅವನ ಬಳಿಯೇ ಇತ್ತು. ಒಂದು ಸುತ್ತು ಹೊಡೆಸಿ ತೋರಿಸಿ, ಗಿರಾಕಿಯ ಕೈಗೆ ಗಾಡಿ ಒಪ್ಪಿಸಿಬಿಡುವುದು ಅವನ ಲೆಕ್ಕ. ಹಾರ್ನ್ ಬಾಯಿ ಬಿಡದಿರಲೆಂದು ಜಾಣತನದಿಂದ ಮೊದಲು ಹಿತ್ತಾಳೆ ಗುಂಡಿ ಒತ್ತಿದ.

ಬಬಲೇಶ್ವರ ಎದ್ದು ಕೂತಿತು. ನಾಯಿಗಳು ಎದ್ದವು, ಎಮ್ಮೆಗಳು ಎದ್ದವು, ಚಾದರ ಹೊದ್ದುಕೊಂಡೇ ಜನ ಹೊರಬಂದರು. ಧೂಳಪ್ಪ ಗುಂಡಿಯನ್ನು ಒತ್ತಿದ, ತಿರುವಿದ, ಗುದ್ದಿದ. ಬೆರಳಿಗೆಲ್ಲ ಕುಂಕುಮ ಮೆತ್ತಿತು, ಹಾರ್ನ್ ನಿಲ್ಲಲಿಲ್ಲ.

ಮುರಿಗೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಿಟಕಿಯಿಂದ ಇಣುಕಿದಳು. ಯಾರೆಂದು ಕಂಡಳು. ಗೂಡಿನತ್ತ ಕೈ ಚಾಚಲಿಲ್ಲ.

"ಬಂದ್ ಮಾಡ ಬೇ ಅದನ್ನ!" ಧೂಳಪ್ಪ ಕೂಗಿದ.

"ತಡೀರಿ ಭಾವಾರ, ಹಂಚಿನ ಮ್ಯಾಲ ರೊಟ್ಟಿ ಐತಿ. ಹೊತ್ತತೈತಿ."

ರೊಟ್ಟಿಯನ್ನು ಎರಡೂ ಮಗ್ಗುಲು ಬೇಯಿಸಿ, ಬುಟ್ಟಿಗೆ ಹಾಕಿ, ಆಮೇಲೆ ಗುಂಡಿ ಎತ್ತಿ, ಹಿಟ್ಟಿನ ಕೈಯಲ್ಲೇ ಹೊರಬಂದಳು. ಅಷ್ಟರಲ್ಲಿ ಓಣಿಗೆ ಓಣಿಯೇ ಟೆಂಪೋ ಸುತ್ತ ನೆರೆದಿತ್ತು. ಗಿರಾಕಿ ಮುಜುಗರದಿಂದ ಕೇಳಿದ: "ಗಾಡಿ ಯಾರದ್ರಿ? ಇವ್ರು ನಂದಂದ್ರು."

"ನಂದ್ರಿ. ಮಾರೂದಿಲ್ಲ."

"ಆಕೀದಪಾ" ಎಂದು ಗುಂಪಿನಿಂದ ಮುದುಕಿ ಹನಮವ್ವ ದನಿಗೂಡಿಸಿದಳು. "ಧೂಳ್ಯಾ, ಬೆರಳಿನ ಕುಂಕುಮ ಒರಿಸಿಕೊ, ಮೊದ್ಲ."

ಗಿರಾಕಿ ಬಂದ ದಾರಿ ಹಿಡಿದ. ಅಷ್ಟು ಜನರೆದುರು ಮುರಿಗೆವ್ವ ಬಲಗೈ ಚಾಚಿದಳು. ಧೂಳಪ್ಪ ಆ ಕೈ ನೋಡಿ, ಇನ್ನೊಂದು ಚಾವಿಯನ್ನು ಅದರಲ್ಲಿಟ್ಟು ಮನೆಯೊಳಗೆ ಹೋದ. ಆ ಎರಡು ಬ್ಯಾಟರಿಗಳನ್ನು ಕದ್ದವರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮುರಿಗೆವ್ವ ಅದನ್ನು ಕೆದಕಲೂ ಹೋಗಿಲ್ಲ.

ಕಾಯಿಪಲ್ಲೆ ಇಳಿಸಲು ಬಂದ ಯಲಗೂರಪ್ಪ ಈ ಕಥೆಯನ್ನು ಅಂಗಡಿಯಲ್ಲಿ ಕೂತು ಹೇಳುವಾಗ ಲಾಡಲೇಸಾಬರು ರಿಲೇಯೊಂದನ್ನು ಬಿಚ್ಚುತ್ತಿರುತ್ತಾರೆ. ಎಷ್ಟನೆಯ ಸಲ ಕೇಳುತ್ತಿದ್ದಾರೋ. ರೊಟ್ಟಿಯ ಮಾತು ಬಂದಾಗ ಕೈ ನಿಲ್ಲಿಸಿ ನಗುತ್ತಾರೆ. ಗುಂಡಿಯ ಸುದ್ದಿ ಹಬ್ಬಿ, ಈಗ ಟಿಕೋಟಾ, ಭೂತನಾಳದ ಕಡೆಯವರೂ ಹಿತ್ತಾಳೆ ಗುಂಡಿಯೇ ಬೇಕೆಂದು ಬರುತ್ತಿದ್ದಾರೆ.

"ಅಂತೂ ಗಾಡಿ ಉಳೀತಲ್ರಿ. ಇನ್ನೇನ ಬೇಕು ನಿಮಗ?" ಎಂದು ಯಲಗೂರಪ್ಪ ಕೇಳುತ್ತಾನೆ.

ಲಾಡಲೇಸಾಬರು ಗ್ರೀಸಿನ ಬೆರಳಿನಿಂದ ಗಡ್ಡ ಕೆರೆದುಕೊಳ್ಳುತ್ತಾರೆ.

"ಒಂದು ಕೆಲ್ಸ ಉಳದೈತಿ. ಈಬತ್ತಿ ಬಿದ್ರೂ, ಕಾಯಿನೀರು ಬಿದ್ರೂ ಕೆಡಲಾರದಂಥಾ ಗುಂಡಿ ಮಾಡಬೇಕು. ಆ ತಂಗಿ ಅಮಾಸಿಗೊಮ್ಮಿ ಕೈ ಮುಗಿಯೂದು ಸುಳ್ಳ ಗುಂಡಿಗಿ ಆಗಾಕತ್ತೇತಿ. ಅದು ನನಗ ಸರಿ ಅನಸವಲ್ದು."