ಶನಿವಾರದ ಅಂಗಿಗಳು

ಇದರಲ್ಲಿ ಒಂದಷ್ಟು ವಿವರಗಳು ತಪ್ಪಿರಬಹುದು. ಆ ಕಟ್ಟಡದಲ್ಲಿ ಆರು ಮನೆಗಳಿದ್ದವೋ ಎಂಟೋ, ಪತ್ರ ಬಂದದ್ದು ಮಂಗಳವಾರವೋ ಬುಧವಾರವೋ, ಈಗ ಖಚಿತವಾಗಿ ಹೇಳಲಾರೆ. ನಾನು ದಿನಚರಿ ಬರೆಯುವವಳು ನಿಜ, ಆದರೆ ನನ್ನ ದಿನಚರಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಆಯಾ ದಿನ ಬರೆಯಲು ಮನಸ್ಸಾದದ್ದಷ್ಟೇ ಅದರಲ್ಲಿದೆ. ಕೊನೆಗೆ ಎಲ್ಲ ಸರಿಹೋಯಿತು ಎನ್ನುವುದೊಂದು ಮಾತ್ರ ಗಟ್ಟಿ.

ಎರಡು ಸಾವಿರದ ಆರರ ಸುಮಾರಿಗೆ ನಾನು ಸಿಡ್ನಿಗೆ ಬಂದದ್ದು ಹೆಂಡತಿಯ ವೀಸಾದ ಮೇಲೆ. ಇವರು ಮೆಲ್ಬರ್ನ್‌ನಲ್ಲಿ ಓದಿ, ಕಾಯಂ ಆಗಿ ಇರುವ ಅನುಮತಿ, ಅಂದರೆ ಪಿಆರ್, ಪಡೆದು, ಸಿಡ್ನಿಯಲ್ಲಿ ಕೆಲಸಕ್ಕೆ ಸೇರಿದ್ದರು. ಅಲ್ಲಿಯ ಗಿರಾವೀನ್‌ನಲ್ಲಿ ಮೇಲಿನ ಮಹಡಿಯ ಬಾಡಿಗೆ ಮನೆ. ನನ್ನದು ಎರಡು ವರ್ಷದ ತಾತ್ಕಾಲಿಕ ವೀಸಾ. ಎರಡು ವರ್ಷ ಕಳೆದ ಮೇಲೆ ನಮ್ಮದು ನಿಜವಾದ ಸಂಸಾರವೆಂದು ಕಾಗದಗಳ ಮೂಲಕ ತೋರಿಸಬೇಕು. ಆಗ ನನಗೂ ಪಿಆರ್. ತೋರಿಸಲಾಗದಿದ್ದರೆ ಧಾರವಾಡಕ್ಕೆ ವಾಪಸ್.

ಕಷ್ಟವೇನೆಂದರೆ, ಅಷ್ಟರಲ್ಲಿ ಇವರ ಪ್ರಾಜೆಕ್ಟ್ ಮೆಲ್ಬರ್ನ್‌ಗೆ ಹೋಯಿತು. ಇವರೂ ಹೋದರು. ನನಗೆ ಸಿಡ್ನಿಯ ಒಂದು ಲ್ಯಾಬಿನಲ್ಲಿ ಒಂದೂವರೆ ವರ್ಷದ ಕೆಲಸ ಸಿಕ್ಕಿತ್ತು, ನಡುವೆ ಬಿಟ್ಟರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ. ಹಾಗಾಗಿ ಇವರು ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನಲ್ಲಿ ಗೆಳೆಯರ ಜೊತೆ, ನಾನು ಗಿರಾವೀನ್‌ನಲ್ಲಿ ಒಬ್ಬಳೇ. ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಬಸ್ಸಿಳಿದು ಬರುತ್ತಿದ್ದರು. ಬರುವಾಗ ಒಂದು ದೊಡ್ಡ ಚೀಲದ ತುಂಬ ಒಗೆಯುವ ಅಂಗಿಗಳು. ಕ್ರೇಗಿಬರ್ನ್ ಮನೆಯಲ್ಲಿ ವಾಷಿಂಗ್ ಮೆಷಿನ್ ಇರಲಿಲ್ಲವೆ? ಇತ್ತು. ಹಾಗಾದರೆ ಅಷ್ಟು ದೂರದಿಂದ ಅಂಗಿಗಳನ್ನು ಹೊತ್ತು ತರುತ್ತಿದ್ದುದೇಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ತರುವುದನ್ನು ನಿಲ್ಲಿಸಿಬಿಡುತ್ತಾರೇನೋ ಅನ್ನಿಸುತ್ತಿತ್ತು.

ಕಟ್ಟಡದ ಹಿಂದೆ ಎಲ್ಲರಿಗೂ ಸೇರಿ ಬಟ್ಟೆ ಒಣಗಿಸುವ ತಂತಿಗಳಿದ್ದವು. ಯಾವ ಮನೆಗೆ ಯಾವ ದಿನ, ನಮಗೆ ಶನಿವಾರ ಎಂದು ಸ್ಕೇಲಿನಿಂದ ಗೆರೆ ಎಳೆದ ಒಂದು ಚೀಟಿ ಗೋಡೆಯ ಮೇಲಿತ್ತು. ಅದನ್ನು ಬರೆದವರು ಕೆಳಮನೆಯ ಜಪಾನಿ ಹೆಂಗಸು. ಮೂವತ್ತು ವರ್ಷದ ಹಿಂದೆ ಇಲ್ಲಿಯವರೊಬ್ಬರನ್ನು ಮದುವೆಯಾಗಿ ಬಂದು, ಬಟ್ಟೆ ರಿಪೇರಿಯ ಅಂಗಡಿ ನಡೆಸಿ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ನಮ್ಮವರ ರೂಢಿಯಂತೆ ನಾನು "ಆಂಟಿ" ಎಂದು ಮಾತು ತೆಗೆದೆ.

"ನಾನು ಯಾರಿಗೆ ಆಂಟಿ?" ಎಂದು ಹಿಂದೆ ತಿರುಗಿ ನೋಡಿದರು.

ಆಮೇಲೆ ನಾನು ಕೊಡವುತ್ತಿದ್ದ ಅಂಗಿಯನ್ನು ಕೈಯಿಂದ ತೆಗೆದುಕೊಂಡು, ತಲೆಕೆಳಗಾಗಿ ತೂಗುಹಾಕಿ, ಅಂಚಿಗೆ ಎರಡು ಕ್ಲಿಪ್ ಸಿಕ್ಕಿಸಿದರು. "ಭುಜಕ್ಕೆ ಕ್ಲಿಪ್ ಹಾಕಿದರೆ ಕೊಂಬು ಬರುತ್ತದೆ. ಆ ಮನೆಯ ಗಂಡಸಿಗೆ ನೀನು ಬಟ್ಟೆ ಒಗೆದುಕೊಡುತ್ತೀಯಾ? ವಾರಕ್ಕೊಮ್ಮೆ ಬರುತ್ತೀಯಾ?"

"ನಾನು ಅವರ ಹೆಂಡತಿ. ಇಲ್ಲೇ ಇರುತ್ತೇನೆ. ಅವರೇ ಎರಡು ವಾರಕ್ಕೊಮ್ಮೆ ಬರುವುದು."

"ಹಾಗಾದರೆ ನಿನ್ನ ಬಟ್ಟೆ ಎಲ್ಲಿ?"

ನನ್ನ ಬಟ್ಟೆಗಳು ಬಚ್ಚಲುಮನೆಯಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದವು. ಊರಿನಲ್ಲಿ ಹೆಣ್ಣುಮಕ್ಕಳ ಬಟ್ಟೆಯನ್ನು ಹಿತ್ತಿಲಲ್ಲಿ, ಅದೂ ಸೀರೆಯ ಮರೆಯಲ್ಲಿ ಹರವುತ್ತಿದ್ದೆವು. ಇಲ್ಲಿ ಎಲ್ಲ ಮನೆಗಳ ಕಿಟಕಿಗಳು ನೋಡುವ ತಂತಿಯ ಮೇಲೆ ಲಂಗ ರವಿಕೆ ಹಾಕಲು ಕೈ ಬಂದಿರಲಿಲ್ಲ. ಬಚ್ಚಲುಮನೆಯಲ್ಲಿ ಒಣಗಿದ ಬಟ್ಟೆಗೆ ಮುಗ್ಗಲು ವಾಸನೆ. ಅದನ್ನೇ ಉಟ್ಟು ಲ್ಯಾಬಿಗೆ ಹೋಗುತ್ತಿದ್ದೆ. ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ. "ಬಿಸಿಲು ಎಲ್ಲರ ಬಾಡಿಗೆಯಲ್ಲೂ ಸೇರಿದೆ" ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಎರಡು ವರ್ಷವಾಗುತ್ತ ಬಂದಾಗ ಅರ್ಜಿಯ ಕಾಗದಗಳು ಬಂದವು. ನೀವು ಒಟ್ಟಿಗೆ ಬಾಳುತ್ತಿರುವುದಕ್ಕೆ ಸಾಕ್ಷಿ ಕೊಡಿ ಎಂಬುದು ಅದರ ಸಾರಾಂಶ. ಮದುವೆಯ ಆಲ್ಬಮ್ ತೆಗೆದೆವು. ಅದರಲ್ಲಿ ನಾವಿಬ್ಬರೇ ಇರುವ ಫೋಟೋ ಎರಡು, ಒಂದರಲ್ಲಿ ಪುರೋಹಿತರ ಕೈ ಅಡ್ಡ ಬಂದಿದೆ. ಉಳಿದವುಗಳಲ್ಲಿ ನಡುವೆ ಇವರ ತಾಯಿ. ಪ್ರೇಮಪತ್ರಗಳಿರಲಿಲ್ಲ. ಗಂಡನ ಹೆಸರು ಹಿಡಿದು ಕರೆದವಳಲ್ಲ ನಾನು. ಅರ್ಜಿಯಲ್ಲಿ ಪುಟಕ್ಕೆ ಹತ್ತು ಸಲ ಆ ಹೆಸರು ಬರೆಯುವಾಗ ಯಾರೋ ಪರಿಚಯದ ಗಂಡಸಿನ ಬಗ್ಗೆ ಬರೆದಂತೆ ಆಗುತ್ತಿತ್ತು.

ಇಬ್ಬರೂ ಬೇರೆ ಬೇರೆಯಾಗಿ ನಮ್ಮ ಸಂಬಂಧದ ಕತೆ ಬರೆಯಬೇಕಿತ್ತು. ಮೊದಲು ಎಲ್ಲಿ ಭೇಟಿಯಾದಿರಿ, ಹೇಗೆ ನಿಶ್ಚಯಿಸಿದಿರಿ, ಹೀಗೆ. ಒಂದು ಶನಿವಾರ ಊಟದ ಮೇಜಿನ ಮೇಲೆ ಇವರ ಹಾಳೆಯನ್ನು ಓದಿದೆ. ಧಾರವಾಡದಲ್ಲಿ ನಮ್ಮ ಸೋದರತ್ತೆಯ ಮನೆಗೆ ಕನ್ಯಾ ನೋಡಲು ಬಂದದ್ದು, ಉಪ್ಪಿಟ್ಟು ತಿಂದದ್ದು, ಎಲ್ಲ ಸರಿಯಿತ್ತು. ಆಮೇಲೆ ಒಂದು ಸಾಲು: ಮಾಳಿಗೆಯ ಮೇಲೆ ನಾವಿಬ್ಬರೂ ಹತ್ತು ನಿಮಿಷ ಮಾತಾಡಿದೆವು, ಆಗಲೇ ನಾನು ಮದುವೆಗೆ ಒಪ್ಪಲು ನಿರ್ಧರಿಸಿದೆ.

"ಇದೇನ್ರೀ? ಅವತ್ತ ನಾವು ಮಾತಾಡೇ ಇಲ್ಲಲ್ಲ."

"ಯಾಕ ಮಾತಾಡಿಲ್ಲ? ನಾ ಬಿಸಲಾಗ ನಿಂತಿದ್ದೆ. 'ಇಲ್ಲೆ ಬಿಸಲು ಭಾಳ ಅದ, ನೆರಳಿಗೆ ಬರ್ರಿ' ಅಂದಿ. ಅದೊಂದ ಮಾತಿಗೆ ನಾ ಹೂಂ ಅಂದದ್ದು."

"ನಾ ಅವತ್ತ ಮಾಳಿಗಿ ಹತ್ತೇ ಇಲ್ಲ."

"ಹಂಗಾರ ನನ್ನ ಜೋಡಿ ಮಾತಾಡಿದ್ದು ಯಾರು, ನೀರಿನ ಟಾಕಿ ಏನು?"

ನಾನು ಕೇಳಿದೆ, "ನನ್ನ ಮಾರಿ ನೋಡಿದ್ರೇನು ಅವತ್ತ?"

ಇವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡು, "ಎಲ್ಲೆ ನೋಡ್ಲಿ? ಅಂಜಿಕಿ ಬಂದಿತ್ತು. ಟಾಕೀನ ನೋಡ್ಕೋತ ನಿಂತಿದ್ದೆ" ಎಂದರು.

ಹಳೆಯ ದಿನಚರಿ ನನ್ನ ಹತ್ತಿರವೇ ಇತ್ತು. ಆ ದಿನದ ಪುಟದಲ್ಲಿ ಒಂದೇ ಸಾಲು: "ಬಂದು ಹೋದರು." ನನ್ನ ನೆನಪಿನಲ್ಲಿ ನಮ್ಮ ಮೊದಲ ಮಾತು ವಾರದ ನಂತರ, ಫೋನಿನಲ್ಲಿ. ನಾನು ನನ್ನ ಹಾಳೆಯಲ್ಲಿ ಹಾಗೆಯೇ ಬರೆದಿದ್ದೆ.

ನಗುವ ಸಂಗತಿಯಾಗಿಯೇ ಶುರುವಾದದ್ದು ನಗುವಾಗಿ ಉಳಿಯಲಿಲ್ಲ. ಬೇರೆ ಬೇರೆ ಊರಿನಲ್ಲಿರುವ ಗಂಡಹೆಂಡತಿ, ಮೊದಲ ಭೇಟಿಯ ಬಗ್ಗೆ ಬೇರೆ ಬೇರೆ ಕತೆ. ಓದುವ ಅಧಿಕಾರಿ ಏನೆಂದುಕೊಳ್ಳಬೇಕು? ನನ್ನ ಮಾತನ್ನು ತಿದ್ದಿ ಮಾಳಿಗೆ ಹತ್ತಿದೆ ಎಂದು ಬರೆಯಬಹುದಿತ್ತು. ಬರೆಯಲಾಗಲಿಲ್ಲ. ಇವರಿಗೂ ತಿದ್ದಲು ಮನಸ್ಸಿಲ್ಲ. "ನಾ ಖರೇ ಅದನ್ನ ಬರದೇನಿ, ಅಳಸಂಗಿಲ್ಲ" ಎಂದರು. ಆ ಭಾನುವಾರ ಅಂಗಿಗಳ ಚೀಲ ಹೆಗಲಿಗೇರಿಸಿ ಹೊರಟಾಗಲೂ ಮುಖ ಬಿಗಿದೇ ಇತ್ತು. ಆದರೂ ಗೇಟಿನವರೆಗೆ ಹೋಗಿ ಬಂದೆ.

ಇನ್ನೊಂದು ತೊಡಕು ಸಾಕ್ಷಿಗಳದು. ನಮ್ಮನ್ನು ಬಲ್ಲ, ಇಲ್ಲಿಯ ಕಾಯಂ ನಿವಾಸಿಗಳಾದ ಇಬ್ಬರು ಬರೆದುಕೊಡಬೇಕು. ಒಬ್ಬರು ಇವರ ಆಫೀಸಿನಲ್ಲಿ ಸಿಕ್ಕರು. ಸಿಡ್ನಿಯಲ್ಲಿ ನನಗೆ ಗುರುತಿದ್ದವರೆಲ್ಲ ನನ್ನಂತೆಯೇ ಪಿಆರ್ ಕಾಯುತ್ತಿದ್ದವರು. ಕೊನೆಗೆ ಕೆಳಮನೆಯ ಬಾಗಿಲು ತಟ್ಟಿದೆ. ಅವರು ಫಾರಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

"ಕಣ್ಣಾರೆ ಕಂಡದ್ದು ಮಾತ್ರ ಬರೆಯುತ್ತೇನೆ. ನಾನು ಕಂಡದ್ದು ಅಂಗಿಗಳನ್ನು. ನಿನ್ನ ಬಟ್ಟೆ ಒಂದು ದಿನವೂ ಕಂಡಿಲ್ಲ. ಒಂದೇ ಮನೆಯವರು ಎಂದು ಹೇಗೆ ಬರೆಯಲಿ?"

ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ಇಂದಿಗೂ ಗೊತ್ತಿಲ್ಲ. ಅರ್ಜಿ ಕೊಡಲು ಇನ್ನೂ ಎರಡು ತಿಂಗಳಿತ್ತು. ಮುಂದಿನ ಸಲ ಇವರು ಬಂದ ಶನಿವಾರ ನನ್ನ ಚೂಡಿದಾರ, ಲಂಗ, ರಾತ್ರಿಯುಡುಪು ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಕೆಳಗಿಳಿದೆ. ಕಿವಿ ಬಿಸಿಯಾಗಿತ್ತು. ಇವರ ಅಂಗಿಗಳ ಪಕ್ಕದಲ್ಲಿ ಒಂದೊಂದಾಗಿ ಹಾಕಿದೆ. ಯಾವ ಕಿಟಕಿಯೂ ತೆರೆಯಲಿಲ್ಲ. ಸಂಜೆ ತೆಗೆಯುವಾಗ ಬಟ್ಟೆಗಳು ಹಪ್ಪಳದಂತೆ ಗರಿಗರಿಯಾಗಿದ್ದವು. ಮುಖಕ್ಕೆ ಒತ್ತಿಕೊಂಡೆ. ಇಷ್ಟು ಸಣ್ಣ ವಿಷಯಕ್ಕೆ ಎರಡು ವರ್ಷ ಹಿಡಿಯಿತಲ್ಲ ಎಂದು ನನ್ನ ಮೇಲೆ ಸಿಟ್ಟೂ ಬಂತು, ಹಗುರವೂ ಆಯಿತು.

ಕೆಳಮನೆಯವರು ಬರೆದುಕೊಟ್ಟದ್ದು ಅರ್ಧ ಪುಟ. ನನಗೆ ನೆನಪಿರುವ ಮಟ್ಟಿಗೆ ಹೀಗಿತ್ತು: "ನಾನು ಇವರ ಕೆಳಗಿನ ಮನೆಯಲ್ಲಿದ್ದೇನೆ. ಒಂದು ಶನಿವಾರ ಬಿಟ್ಟು ಒಂದು ಶನಿವಾರ ತಂತಿಯ ಮೇಲೆ ಗಂಡಸಿನ ಹತ್ತು ಅಂಗಿಗಳಿರುತ್ತವೆ, ಕೆಲವೊಮ್ಮೆ ಒಂಬತ್ತು. ಈಗ ಎರಡು ತಿಂಗಳಿಂದ ಹೆಂಡತಿಯ ಬಟ್ಟೆಗಳೂ ಇರುತ್ತವೆ. ಕ್ಲಿಪ್ ಎಲ್ಲಿ ಹಾಕಬೇಕು ಎಂಬುದರ ಬಗ್ಗೆ ಇಬ್ಬರೂ ತಮ್ಮ ಭಾಷೆಯಲ್ಲಿ ಜಗಳವಾಡುತ್ತಾರೆ. ಭಾನುವಾರ ಅವನು ಹೊರಡುವಾಗ ಅವಳು ಗೇಟಿನವರೆಗೆ ಬರದೇ ಇದ್ದದ್ದನ್ನು ನಾನು ನೋಡಿಲ್ಲ."

ಕೊನೆಯ ಸಾಲನ್ನು ಎರಡು ಸಲ ಓದಿದೆ. ನಾನು ಪ್ರತಿಸಲ ಗೇಟಿನವರೆಗೆ ಹೋಗುತ್ತಿದ್ದೆ ಎನ್ನುವುದು ನನಗೇ ಗೊತ್ತಿರಲಿಲ್ಲ. ದಿನಚರಿಯಲ್ಲಿ ಎಲ್ಲಿಯೂ ಇಲ್ಲ.

ಮಾಳಿಗೆಯ ತಕರಾರನ್ನೂ ಅವರಿಗೆ ಹೇಳಿದೆ. ಎರಡು ಹಾಳೆಗಳಲ್ಲಿ ಎರಡು ಕತೆ ಇದೆ, ಏನು ಮಾಡಲಿ ಎಂದೆ. ಏನಾದರೂ ಧೈರ್ಯದ ಮಾತು ಹೇಳಿಯಾರು ಎಂದು ಕಾದೆ. ಹಾಳೆಗಳ ಮೂಲೆಯನ್ನು ನೋಡಿ, "ಪಿನ್ ಹೊಡೆಯಬೇಡ. ಆಫೀಸಿನವರಿಗೆ ಪಿನ್ ಕೀಳುವುದೆಂದರೆ ಆಗುವುದಿಲ್ಲ" ಎಂದರು. ಪಿನ್ ಹೊಡೆಯದೆ, ಏನೂ ತಿದ್ದದೆ, ಎರಡು ಕತೆಗಳನ್ನೂ ಒಂದೇ ಲಕೋಟೆಯಲ್ಲಿ ಕಳಿಸಿದೆವು.

ನಾಲ್ಕೈದು ತಿಂಗಳು ದಿನಕ್ಕೆರಡು ಸಲ ಅಂಚೆಪೆಟ್ಟಿಗೆ ತೆರೆದು ನೋಡುತ್ತಿದ್ದೆ. ಲ್ಯಾಬಿನ ಕೆಲಸವೂ ಮುಗಿಯುತ್ತ ಬಂದಿತ್ತು. ರಜೆ ಹಾಕಿ ಮನೆಯಲ್ಲಿದ್ದ ಒಂದು ಬೆಳಿಗ್ಗೆ, ಕೆಳಮನೆಯವರು ತಮ್ಮ ದಿನ ಬಿಟ್ಟುಕೊಟ್ಟಿದ್ದರಿಂದ, ಬಟ್ಟೆ ಬುಟ್ಟಿಯೊಂದಿಗೆ ಕೆಳಗಿಳಿದಾಗ ಪತ್ರ ಸಿಕ್ಕಿತು. ಒಡೆದು ಓದಿದೆ. ಪಿಆರ್ ಆಗಿತ್ತು. ಮಾಳಿಗೆಯ ಬಗ್ಗೆ ಒಂದಕ್ಷರವಿರಲಿಲ್ಲ. ಪತ್ರವನ್ನು ಬುಟ್ಟಿಯ ಕೆಳಗಿಟ್ಟು, ಬಟ್ಟೆಯನ್ನೆಲ್ಲ ಹಾಕಿ ಮುಗಿಸಿದೆ. ಅಲ್ಲೇ ಹುಲ್ಲಿನ ಮೇಲೆ ಕೂತೆ. ಅಳು ಬರಬಹುದೆಂದುಕೊಂಡಿದ್ದೆ, ಹಸಿವಾಯಿತು.

ಇವರಿಗೆ ಫೋನ್ ಮಾಡಿದೆ. "ಬಂತ್ರೀ."

"ಖರೇನ?" ಎಂದು ಪತ್ರವನ್ನು ಪೂರ್ತಿ ಓದಿಸಿದರು. ಆಮೇಲೆ, "ನೋಡು, ಸರಕಾರನ ಒಪ್ಪಿಕೊಂಡದ. ನಾವು ಮಾಳಿಗಿ ಮ್ಯಾಲೆ ಮಾತಾಡಿದ್ದು ಖರೇ" ಎಂದರು.

"ನಾ ಮಾತಾಡಿಲ್ಲಂತ ಬರದದ್ದನ್ನೂ ಒಪ್ಪಿಕೊಂಡದ" ಎಂದೆ. ಇಬ್ಬರೂ ನಕ್ಕೆವು.

ತಿಂಗಳೊಳಗೆ ನಾನು ಕ್ರೇಗಿಬರ್ನ್‌ಗೆ ಹೋದೆ. ಕೆಳಮನೆಯವರು ಅರ್ಧ ಡಜನ್ ಮರದ ಕ್ಲಿಪ್ ಕೊಟ್ಟು ಕಳಿಸಿದರು. ಅಲ್ಲಿಯ ಬಾಡಿಗೆ ಮನೆಗೆ ಸ್ವಂತ ಹಿತ್ತಿಲು, ಸ್ವಂತ ತಂತಿ. ಗಾಳಿ ಜೋರು. ಈಗ ಯಾವ ದಿನ ಬೇಕಾದರೂ ಬಟ್ಟೆ ಹಾಕಬಹುದು, ಆದರೂ ಬಹಳ ಕಾಲ ಶನಿವಾರವೇ ಹಾಕುತ್ತಿದ್ದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ನೆರಳಿನ ಮಾತು ನನ್ನನ್ನು ಬಿಡಲಿಲ್ಲ. ನನ್ನ ನೆನಪನ್ನೇ ನಂಬದವಳು ಇವರ ನೆನಪನ್ನು ಸುಳ್ಳೆನ್ನುವುದು ಹೇಗೆ? ನೆರಳಿಗೆ ಬನ್ನಿ ಎಂದವಳು ನಾನೇ ಇದ್ದು, ಮರೆತಿರಬಹುದು. ಸೋದರತ್ತೆಯ ಮಗಳಿಗೆ ನನ್ನದೇ ವಯಸ್ಸು, ನನ್ನದೇ ಎತ್ತರ. ಅವತ್ತು ಮನೆಯಲ್ಲಿ ಓಡಾಡಿಕೊಂಡಿದ್ದಳು. ಅವಳನ್ನು ಕೇಳಿದರೆ "ನಂಗೇನ್ ನೆನಪದ, ನಮ್ಮವ್ವನ ಕೇಳು" ಎಂದು ನಕ್ಕಳು. ಮುಂದಿನ ವರ್ಷ ಧಾರವಾಡಕ್ಕೆ ಹೋದಾಗ ಸೋದರತ್ತೆ ಮೆಟ್ಟಿಲ ಮೇಲೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಮಾಳಿಗೆಗೆ ಹೋಗುವ ಅದೇ ಮೆಟ್ಟಿಲು, ಇವರು ಕನ್ಯಾ ನೋಡಲು ಬಂದ ದಿನ ಅವರು ಅಲ್ಲೇ ಕಾವಲು ಕೂತಿದ್ದರಂತೆ. ನಾನು ಕೇಳಿದ್ದಕ್ಕೆ ಒಮ್ಮೆ ನನ್ನ ಮುಖ ನೋಡಿ, ಮತ್ತೆ ಸೊಪ್ಪಿಗೆ ಕೈ ಹಾಕಿದರು. ಆಮೇಲೆ ಫೋನಿನಲ್ಲಿ ಎರಡು ಸಲ ಕೇಳಿದ್ದೇನೆ. ಪ್ರತಿಸಲ ಬೇರೆ ಮಾತು ತೆಗೆಯುತ್ತಾರೆ. ಧಾರವಾಡದಲ್ಲಿ ಆ ಮೆಟ್ಟಿಲ ಹತ್ತಿರ ನಾನು ಕೇಳಿದ್ದು ಇಷ್ಟೇ:

"ಅತ್ಯಾ, ಅವತ್ತ ಮಾಳಿಗಿ ಮ್ಯಾಲೆ ಇವರನ್ನ ನೆರಳಿಗೆ ಕರದಾಕಿ ನಾನೋ, ನಿನ್ನ ಮಗಳೋ?"