ಆರನೇ ನಂಬರಿನ ಕಲ್ಲು

ಆಗ ನನಗೆ ಇಪ್ಪತ್ತೆರಡು. ಅದಾಗಿ ಅರವತ್ತು ವರ್ಷ ದಾಟಿತು. ಕೊಡಿಗೇಹಳ್ಳಿಯಲ್ಲಿ ನಮ್ಮ ಮನೆ ಭಾಗವಾಗಿ ಎರಡು ವರ್ಷವಾಗಿತ್ತು. ನಡುವೆ ಎದೆಮಟ್ಟದ ಮಣ್ಣುಗೋಡೆ. ಆ ಕಡೆ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಈ ಕಡೆ ನಾನು, ಗಂಡ, ಅತ್ತೆ.

ಭಾಗದಲ್ಲಿ ಕೊಟ್ಟಿಗೆ ಅವರಿಗೆ ಹೋಯಿತು. ಅದರ ಗೋಡೆಗೆ ಒರಗಿದ್ದ ಒಂದು ಹಳೇ ಕಲ್ಲೂ ಹೋಯಿತು. ಕಲ್ಲಿನ ಮೇಲೆ ಕುದುರೆ ಹತ್ತಿದ ಗಂಡಸು, ಕೈಯಲ್ಲಿ ಕತ್ತಿ. ನಾವು ಅದಕ್ಕೆ ಕರು ಕಟ್ಟುತ್ತಿದ್ದೆವು. ಹೋದರೆ ಹೋಗಲಿ, ಕಲ್ಲು ತಾನೇ ಅಂದುಕೊಂಡಿದ್ದೆ.

ಆಮೇಲೆ ಪೇಟೆಯ ಹೈಸ್ಕೂಲಿನ ಮೇಷ್ಟ್ರೊಬ್ಬರು ಬಂದು, ಊರಿನ ಇಂಥ ಕಲ್ಲುಗಳನ್ನೆಲ್ಲ ಹುಡುಕಿ ಸುಣ್ಣದಲ್ಲಿ ನಂಬರು ಬರೆದರು. ಹುಣಿಸೇಮರದ ಕೆಳಗಿನದು ಒಂದು, ಕೆರೆ ಏರಿಯದು ಎರಡು, ಓರಗಿತ್ತಿಯ ಕೊಟ್ಟಿಗೆಯದು ಮೂರು. ಒಟ್ಟು ಐದು. ಒಂದು ಭಾನುವಾರ ಹುಡುಗ ಹುಡುಗಿಯರನ್ನು ಹೆಬ್ಬಾಳದಲ್ಲಿ ಬಸ್ಸಿಳಿಸಿ, ಅಲ್ಲಿಂದ ನಡೆಸಿಕೊಂಡು ಬಂದು, ಕಲ್ಲಿಂದ ಕಲ್ಲಿಗೆ ತೋರಿಸುತ್ತ ಹೋದರು. ನನ್ನ ಬಾಗಿಲ ಮುಂದೆ ಯಾರೂ ನಿಲ್ಲಲಿಲ್ಲ.

ಓರಗಿತ್ತಿ ಮದುವೆ ಸೀರೆ ಉಟ್ಟು ನಿಂತಿದ್ದಳು. ಕೊಟ್ಟಿಗೆ ಮುಂದೆ ರಂಗೋಲಿ ಬೇರೆ.

"ಇವ್ರು ನಮ್ ಮಾವ್ನೋರ ಮುತ್ತಾತ ಕಣ್ರಪ್ಪಾ. ಉಲಿ ಒಡ್ದಿದ್ರು," ಅಂದಳು.

ನಮ್ಮ ಮಾವನ ಮುತ್ತಾತ ಹುಲಿ ಕಂಡವನೇ ಅಲ್ಲ; ಕುದುರೆ ಇರಲಿ, ಕತ್ತೆಯನ್ನೂ ಹತ್ತಿದವನಲ್ಲ. ಆದರೂ ಒಂದು ಹುಡುಗಿ ಅದನ್ನು ಬರೆದುಕೊಂಡಳು. ಮೇಷ್ಟ್ರು ಓರಗಿತ್ತಿ ಕೊಟ್ಟ ಮಜ್ಜಿಗೆ ಕುಡಿದು, "ಕಲ್ಲನ್ನ ಚೆನ್ನಾಗಿಟ್ಕೊಂಡಿದ್ದೀರಿ ತಾಯಿ," ಅಂದರು. ಗೋಡೆಯ ಈಚೆ ನನ್ನ ಹೊಟ್ಟೆಗೆ ಮೆಣಸಿನಕಾಯಿ ಅರೆದು ಹಾಕಿದ ಹಾಗಾಯಿತು. ಭಾಗವಾಗುವ ತನಕ ಆ ಕಲ್ಲಿನ ಸಗಣಿ ತೊಳೆದವಳು ನಾನು.

ಮುಂದಿನ ಭಾನುವಾರ ಇನ್ನೊಂದು ಗುಂಪು ಬರುವುದಿತ್ತು. ನನಗೂ ಒಂದು ನಂಬರು ಬೇಕಿತ್ತು.

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಚಪ್ಪಡಿಯಿತ್ತು. ಅದರಡಿಗೆ ಜಾರಿದ ಸೋಪು ಹುಡುಕುವಾಗೆಲ್ಲ ಬೆರಳಿಗೆ ಏನೋ ಉಬ್ಬು ತಗುಲುತ್ತಿತ್ತು. ಎತ್ತಿ ನೋಡೋಣವೆಂದು ಗಂಡನ ಬೆನ್ನು ಹತ್ತಿದೆ.

"ತಲೆ ಕೆಟ್ಟದಾ ನಿಂಗೆ? ಒಗಿಯೋ ಕಲ್ನ ಯಾರಾನಾ ಮಗುಚ್ತಾರಾ?"

"ನಿಮ್ಮತ್ಗೆ ಕೇಳಿದ್ರೆ ಓಡೋಡಿ ಬತ್ತಿದ್ರಿ."

ಹಾರೆ ತಂದ. ಮಗುಚಿದರೆ ಒಂದು ಕಂಬ, ಕಂಬದಿಂದ ಹೊರಟ ತೋಳು, ಮಡಿಸಿ ಮೇಲೆತ್ತಿದ ಹೆಂಗಸಿನ ಕೈ. ಕೈತುಂಬ ಬಳೆ. ಏನೆಂದು ಗೊತ್ತಾಗಲಿಲ್ಲ. ಗೊತ್ತಾಗಬೇಕಾದ್ದೂ ಇರಲಿಲ್ಲ, ಕೆತ್ತನೆ ಇತ್ತಲ್ಲ, ಸಾಕು. ಅತ್ತೆಗೂ ಕಾಣದ ಹಾಗೆ ಗೋಣಿತಾಟು ಮುಚ್ಚಿಟ್ಟೆ.

ಭಾನುವಾರ ಮೇಷ್ಟ್ರನ್ನು ಬೀದಿಯಲ್ಲೇ ತಡೆದು ಹಿತ್ತಲಿಗೆ ಕರೆದುಕೊಂಡು ಹೋದೆ. ಅವರು ಮಂಡಿಯೂರಿ ಕೂತುಬಿಟ್ಟರು. "ಇದು ಮಾಸ್ತಿಕಲ್ಲು. ಗಂಡ ಸತ್ತಾಗ ಅವನ ಜೊತೆ ಬೆಂಕಿಗೆ ಬಿದ್ದವಳ ಕಲ್ಲು," ಅಂದು ಸುಣ್ಣದಲ್ಲಿ ಆರು ಅಂತ ಬರೆದರು. ನಾನು ಗೋಡೆಯಾಚೆ ಓರಗಿತ್ತಿಯ ಮುಖ ನೋಡಿದೆ. ಸಣ್ಣಗಾಗಿತ್ತು. ಅಷ್ಟು ತಂಪು ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮೇಷ್ಟ್ರು ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. "ಮಕ್ಕಳೇ, ಆ ಮೂರನೇ ನಂಬರಿನ ವೀರ ಇದಾನಲ್ಲ, ಇವಳು ಅವನ ಹೆಂಡತಿ ಇರಬಹುದು," ಅಂದರು. ಅಂದದ್ದೇ ತಡ, ಅಷ್ಟೂ ಹುಡುಗರು ಗಂಡನನ್ನು ನೋಡಲು ಅವಳ ಕೊಟ್ಟಿಗೆಗೆ ಓಡಿದರು. ನಾನು ಕಡೆದಿಟ್ಟ ಮಜ್ಜಿಗೆ ಹಾಗೇ ಉಳಿಯಿತು.

ಉಳಿದವರು ಅತ್ತೆ. ಕಲ್ಲು ನೋಡಿ ಎದೆ ಬಡಿದುಕೊಂಡರು.

"ಅಯ್ಯೋ ಪಾಪಿ ಮುಂಡೇದೇ, ಮಾಸ್ತಮ್ಮನ ಮೇಲೆ ಮೈಲ್ಗೆ ಬಟ್ಟೆ ಕುಕ್ಕಿದ್ಯಲ್ಲೇ! ಇನ್ನೊಂದ್ ದಪ ಒಗ್ದೀಯ, ಉಷಾರು!"

ಅರಿಸಿನ ಬಳಿದರು, ಕುಂಕುಮ ಇಟ್ಟರು. ಮಗನ ಕೈಲಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. ಒಗೆಯಲು ನನಗೆ ಕಲ್ಲಿಲ್ಲದಾಯಿತು.

ಸಂಜೆ ಓರಗಿತ್ತಿ ಗೋಡೆಗೆ ಮೊಣಕೈ ಊರಿ ನಿಂತಳು. "ಬಾರೆ ತಂಗಿ, ನಮ್ ಇತ್ಲಲ್ಲೇ ಒಕ್ಕೊಂಡೋಗು. ನಿನ್ ಕಲ್ಲು ನಮ್ ಕಲ್ಗೆ ಎಂಡ್ರಂತೆ. ಬೇರೆಯೋರ ನಾವು?" ಅಂದು ನಕ್ಕಳು.

"ಆಯ್ತಕ್ಕಾ," ಅಂದೆ.

ಮಾರನೆಯ ಬೆಳಿಗ್ಗೆ ಮನೆಯ ಬಟ್ಟೆಯಷ್ಟನ್ನೂ, ಒಗೆದು ಮಡಿಸಿಟ್ಟದ್ದನ್ನೂ ಸೇರಿಸಿ ಗಂಟು ಕಟ್ಟಿದೆ. ತಲೆಯ ಮೇಲೆ ಹೊತ್ತು, ಅವಳ ಬಾಗಿಲ ಮುಂದೆಯೇ ಹಾದು, ಕೆರೆಗೆ ಹೋಗಿ ಒಗೆದುಕೊಂಡು ಬಂದೆ.