ಮಜ್ಜಿಗೆಹುಲ್ಲಿನ ಎಣ್ಣೆಗೆ ಮುನಿದ ಹುಳು

"ನನ್ನೆಂಡ್ರು ಇಳಿಸೋ ಎಣ್ಣೆ ಒಂದ್ ತೊಟ್ಟು ಸಾಕು ಕಣ್ಲಾ, ಸಾವನದುರ್ಗದ ಬಂಡೆಗೂ ಬೂಷ್ಟು ಹಿಡಿಯಾಕಿಲ್ಲ. ಆ ಎಣ್ಣೆ ಇರೋ ಮನೇಲಿ ಯಾವ್ದೂ ಕೆಡಾಕಿಲ್ಲ!"

ಕುದೂರಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹುಚ್ಚಯ್ಯ ಹೀಗೆ ಸಾರಿದಾಗ, ಆ ಗಾಳಿಗೇ ಮಾಗಡಿ ಬಸ್ಸು ಡ್ರೈವರಿಲ್ಲದೆ ಎರಡು ಮಾರು ಮುಂದೆ ಹೋಯಿತಂತೆ. ಬಂಡೆಯ ವಿಷಯ ಬಂಡೆಗೇ ಗೊತ್ತು. ಎಣ್ಣೆ ಮಾತ್ರ ನಿಜ.

ಅವನ ಹೆಂಡತಿ ರಾಧಾಮಣಿ ಕಬ್ಬಾಳಿನ ಮಗಳು. ತವರಿನಿಂದ ತಂದದ್ದು ಎರಡೇ: ಬಚ್ಚಲ ನೀರು ಹರಿಯುವ ಕಡೆ ನೆಡಲು ಒಂದು ಬುಡ ಮಜ್ಜಿಗೆಹುಲ್ಲು, ಮತ್ತು ಅಪ್ಪನ ತಾಮ್ರದ ಹಂಡೆ, ಕೊಳವೆ ಸಮೇತ. ಬೆಟ್ಟದ ಹಿಂದೆ ಆ ಹಂಡೆಯಲ್ಲಿ ಅಪ್ಪ ಕಾಯಿಸುತ್ತಿದ್ದುದನ್ನು ಊರೆಲ್ಲ ಕುಡಿದಿತ್ತು, ಕಂಡವರು ಮಾತ್ರ ಯಾರೂ ಇರಲಿಲ್ಲ. ಮಗಳು ಅದೇ ಹಂಡೆಗೆ ಹುಲ್ಲು ತುಂಬಿ, ಆವಿ ಹಿಡಿದು, ಎಣ್ಣೆ ಇಳಿಸಿದಳು.

ತವರಿನಲ್ಲಿ ಅವ್ವ ಬೋರಮ್ಮ ಬಿತ್ತನೆ ಕಡ್ಲೆಕಾಯಿಯನ್ನು ವಾಡೆಗೆ, ಅಂದರೆ ಎದೆಯೆತ್ತರದ ಮಣ್ಣಿನ ಗುಡಾಣಕ್ಕೆ, ತುಂಬುವಾಗ ಪದರಪದರಕ್ಕೂ ಈ ಹುಲ್ಲು ಹಾಸುತ್ತಿದ್ದಳು. ಮಳೆಗಾಲದಲ್ಲಿ ಮುಚ್ಚಳ ತೆಗೆದರೆ ನಿಂಬೆಹಣ್ಣು ಹಿಚುಕಿದ ಹಾಗೆ ಘಮ. ಆ ಘಮಕ್ಕೆ ಕಬ್ಬಾಳಿನ ಬೆಟ್ಟವೇ ಒಂದು ಸಲ ಸೀನಿತ್ತು ಎಂದು ಅಪ್ಪ ಆಣೆ ಇಡುತ್ತಿದ್ದ. ಕಹಿ ಕಾಯಿ ಬಾಯಿಗೆ ಬಂದರೆ "ಉಗಿಯಮ್ಮಿ, ನುಂಗ್ಬ್ಯಾಡ!" ಎಂದು ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಬೂಷ್ಟು ಕಾಯಿಯೊಳಗೆ ವಿಷ ಬಿಡುತ್ತದೆ, ಹುರಿದರೂ ಅದು ಪೂರಾ ಹೋಗುವುದಿಲ್ಲ, ಈ ಹುಲ್ಲಿನೆಣ್ಣೆಯ ಆವಿ ಬೂಷ್ಟು ಬೆಳೆಯದಂತೆ ತಡೆಯುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಹೇಳಿದಾಗ, ರಾಧಾಮಣಿಯ ಬೆನ್ನು ಅವ್ವನ ಗುದ್ದು ನೆನೆದು ಬಿಸಿಯಾಯಿತು. ಈಗ ಅವ್ವ ಇಲ್ಲ. ಹತ್ತಿಗೆ ನಾಲ್ಕು ತೊಟ್ಟು ಬಿಟ್ಟು ವಾಡೆಯಲ್ಲಿಟ್ಟು, ಅವ್ವನ ಕಾಲದ ಆ ಘಮಕ್ಕೆ ಒಂದು ಗಳಿಗೆ ತಲೆಯನ್ನೂ ಒಳಗೆ ಹಾಕಿ ನಿಂತು, ಆಮೇಲೆ ಮುಚ್ಚಳಕ್ಕೆ ಸಗಣಿ ಮೆತ್ತುವುದು ಅವಳ ರೂಢಿ.

ಈ ಸಲದ ಜಡಿಮಳೆಯಲ್ಲಿ ಅವರ ರೇಷ್ಮೆಹುಳು ಪೊರೆ ಬಿಡುವ ಕೊನೆಯ ಜ್ವರ ಕಳೆದು ಎದ್ದಿದ್ದವು. ಇನ್ನೊಂದು ವಾರ ಹೊಟ್ಟೆ ತುಂಬ ತಿಂದರೆ ಗೂಡು, ಇಲ್ಲದಿದ್ದರೆ ತಿಪ್ಪೆಗೆ ಗೊಬ್ಬರ. ರಾಧಾಮಣಿ ಹಿಪ್ಪುನೇರಳೆ ಸೊಪ್ಪಿಗೆ ಹೋಗಿದ್ದಾಗ ಹುಳುಮನೆಯ ಗೋಡೆಯಲ್ಲಿ ಹುಚ್ಚಯ್ಯನಿಗೆ ಬೂಷ್ಟು ಕಂಡಿತು. ಟೀ ಅಂಗಡಿಯಲ್ಲಿ ತಾನೇ ಆಡಿದ ಮಾತು ಕಿವಿಯಲ್ಲಿ ಮೊಳಗಿತು. ಎಣ್ಣೆಯ ಸೀಸೆ ತಂದು ಗೋಡೆಗೆ ಸುರಿದ, ತಟ್ಟೆಗಳಿಗೆ ಚಿಮುಕಿಸಿದ, ಮಿಕ್ಕಿದ್ದನ್ನು ಪಂಚೆಗೇ ಚೆಲ್ಲಿಕೊಂಡ.

ಅವಳು ಬಾಗಿಲಿಗೆ ಬರುವಷ್ಟರಲ್ಲಿ ಹುಳುಗಳೆಲ್ಲ ಸೊಪ್ಪು ಬಿಟ್ಟು, ತಲೆ ಎತ್ತಿ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಕೂತಿದ್ದವು. ವಾಸನೆ ಆಗದೆಂದು ಹುಳುಮನೆಗೆ ಮಲ್ಲಿಗೆ ಕೂಡ ಮುಡಿದು ಹೋದವಳಲ್ಲ ಅವಳು.

"ಬೂಷ್ಟು ಹೋಗ್ಲಿ ಅಂತ ಹಾಕ್ದೆ ಕಣಮ್ಮಿ..."

"ಮುಚ್ಚಿದ ವಾಡೆಗೆ ಹಾಕೋದು ಅದು, ಉಸ್ರಾಡೋ ಹುಳಕ್ಕಲ್ಲ. ಕಿಟಕಿ ತೆಗೀರಿ ಮೊದ್ಲು!"

ಹುಳುಗಳನ್ನೆಲ್ಲ ಬೇರೆ ತಟ್ಟೆಗೆ ಬಿಡಿಸಿ ಪಡಸಾಲೆಗೆ ಸಾಗಿಸಿದಳು. ಹೊಸ ಸೊಪ್ಪು ಹಾಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಅವು ಅಲುಗಲಿಲ್ಲ. ಮಳೆ ನಿಂತು ಹೊತ್ತು ವಾಲುವಾಗ ಒಂದು ಹುಳು ಎಲೆಯ ಅಂಚು ಕಚ್ಚಿತು. ಅದನ್ನು ನೋಡಿ ಇನ್ನೊಂದು. ಆಮೇಲೆ ಎದ್ದ ಸರಸರ ಸದ್ದಿಗೆ ಮಾಗಡಿಯವರು ಮತ್ತೆ ಮಳೆ ಬಂತೆಂದು ಕೊಡೆ ಬಿಚ್ಚಿದರಂತೆ. ರಾಧಾಮಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹುಚ್ಚಯ್ಯ ಮೆಲ್ಲಗೆ ಹೊಸಲಿಗೆ ಕಾಲಿಟ್ಟ. ಘಮ ಅವನಿಗಿಂತ ಮೊದಲೇ ಒಳಗೆ ಬಂತು.

"ಅಲ್ಲೇ ನಿಂತ್ಕಳಿ!"

"ಸೀಗೆಪುಡೀಲೂ ತಿಕ್ಕೊಂಡೆ, ವಾಸ್ನೆ ಬುಡಾಕಿಲ್ಲ ಅಂತದೆ. ನಾನೆಲ್ಲಮ್ಮಿ ಮಲಗ್ಲಿ?"

"ವಾಡೇಲಿ ಒಸಿ ಜಾಗ ಐತೆ, ಹೋಗಿ ಮಲಗಿ. ನಿಮ್ ಟೀ ಅಂಗ್ಡಿ ಮಾತಿಗೆ ಬೂಷ್ಟು ಹಿಡೀದಂಗೆ ನಾನೇ ಮುಚ್ಚಳ ಮೆತ್ತೀನಿ."